ಹಳೆಯ ಪೆಟ್ಟಿಗೆಯ ಹೊಸ ಅವತಾರ

ಮುಂಬಯಿಯ ಉಪನಗರವೊಂದರಲ್ಲಿ ಮಿತ್ರರೊಬ್ಬರ ಮನೆಗೆ ಹೋಗಿದ್ದಾಗ, ಅವರು ಹೊಸದಾಗಿ ತರಿಸಿದ್ದ ಒಂದು ಜೊತೆ ಧ್ವನಿವರ್ಧಕಗಳನ್ನು ಕೇಳುವ ಅವಕಾಶ ಒದಗಿತು. ಒಂದೊಂದೂ ಒಂದು ಅಡಿ ಎತ್ತರ, ಏಳೂವರೆ ಅಂಗುಲ ಅಗಲ, ಅಷ್ಟೆ. ಬೆಲೆ ಮಾತ್ರ ಎರಡು ಲಕ್ಷ ರೂಪಾಯಿ ದಾಟಿದ್ದು. ಮಲ್ಲಿಕಾರ್ಜುನ ಮನಸೂರರ ಧ್ವನಿಮುದ್ರಿಕೆಯೊಂದನ್ನು ಹಚ್ಚಿದರು. ಒಳಮನೆಯಲ್ಲಿದ್ದ ಅವರ ತಾಯಿ, ಧಾರವಾಡದ ಕಡೆಯವರು, ಬಾಗಿಲಿಗೆ ಬಂದು ಕೇಳಿದರು: “ಯಾರ್ ಬಂದಾರೋ? ಹಾಡಾಕತ್ತಾರಲ್ಲ!” ಸ್ವಲ್ಪ ಹೊತ್ತು ಕುಳಿತು ಕೇಳಿ ಮತ್ತೊಂದು ಮಾತು ಸೇರಿಸಿದರು: “ಎಲ್ಲಾ ಛಲೋ ಐತಿ, ಖರೆ ಡಗ್ಗಾ ಎಲ್ಲಿ ಹೋತು?”

ಈ ಪೆಟ್ಟಿಗೆಯ ಬಗ್ಗೆ ಪುಟಗಟ್ಟಲೆ ವಿಮರ್ಶೆಗಳನ್ನು ಓದಿದ್ದೇನೆ. ಆ ವೃದ್ಧೆಯ ಎರಡು ಮಾತುಗಳಿಗಿಂತ ಹೆಚ್ಚಿನದನ್ನು ಅವು ಹೇಳಿದಂತೆ ನನಗೆ ಕಾಣಲಿಲ್ಲ.

ಪೆಟ್ಟಿಗೆಯ ಹೆಸರು ಎಲ್.ಎಸ್. 3/5ಎ. ಇದು ಅಂಗಡಿಗಾಗಿ ಹುಟ್ಟಿದ ವಸ್ತುವಲ್ಲ. 1970ರ ದಶಕದ ಮೊದಲರ್ಧದಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ.ಯ ಸಂಶೋಧನಾ ವಿಭಾಗದವರು ತಮ್ಮ ಕೆಲಸಕ್ಕೆಂದೇ ಇದನ್ನು ರೂಪಿಸಿದರು. ಎಲ್.ಎಸ್. ಎಂದರೆ ಲೌಡ್‌ಸ್ಪೀಕರ್, ಆಮೇಲಿನ 3 ಎಂಬ ಅಂಕೆ ಸ್ಟುಡಿಯೋದ ಹೊರಗಿನ ಪ್ರಸಾರಕ್ಕೆ ಎಂಬುದರ ಗುರುತು. ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ಕುಳಿತ ಎಂಜಿನಿಯರನಿಗೆ ದೊಡ್ಡ ಪೆಟ್ಟಿಗೆ ಇಡಲು ಜಾಗವಿಲ್ಲ, ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಕೂರಲೂ ಆಗದು. ಮೈಕಿನಿಂದ ಬರುವ ದನಿಯಲ್ಲಿ ಏನು ದೋಷವಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವ ಸಣ್ಣ ಉಪಕರಣ ಅವನಿಗೆ ಬೇಕಾಗಿತ್ತು. ಅಕ್ಕಸಾಲಿಗನಿಗೆ ಒರೆಗಲ್ಲು ಇದ್ದಂತೆ.

ಒರೆಗಲ್ಲು ಸರಿಯಿದೆಯೇ ಎಂದು ಪರೀಕ್ಷಿಸಿದ ಬಗೆಯೂ ಸ್ವಾರಸ್ಯವಾದುದು. ಅಳತೆಯ ಯಂತ್ರಗಳನ್ನಷ್ಟೇ ನಂಬದೆ, ಬಿ.ಬಿ.ಸಿ.ಯವರು ಮನುಷ್ಯನ ಮಾತನ್ನು ನೇರವಾಗಿ ಕೇಳಿ, ಅದೇ ಮಾತನ್ನು ಪೆಟ್ಟಿಗೆಯಿಂದ ಕೇಳಿ ಹೋಲಿಸುತ್ತಿದ್ದರು. ದಿನನಿತ್ಯ ಕೇಳುವ ಮನುಷ್ಯಕಂಠದಲ್ಲಿ ತುಸು ವ್ಯತ್ಯಾಸವಾದರೂ ಕಿವಿ ಕೂಡಲೇ ಹಿಡಿಯುತ್ತದೆ. ಪೆಟ್ಟಿಗೆಯ ಗೋಡೆಗಳೇ ಕಂಪಿಸಿ ಕಂಠಕ್ಕೆ ತಮ್ಮ ದನಿ ಬೆರೆಸದಿರಲೆಂದು, ತೆಳುವಾದ ಬರ್ಚ್ ಪ್ಲೈವುಡ್ಡಿಗೆ ಒಳಗಿನಿಂದ ಡಾಂಬರಿನಂಥ ಹಾಳೆಗಳನ್ನು ಅಂಟಿಸಿದರು. ತಾರಸ್ವರಗಳ ಪುಟ್ಟ ಯೂನಿಟ್ಟಿನ ಸುತ್ತ ದಪ್ಪ ಫೆಲ್ಟಿನ ಪಟ್ಟಿ ಕಟ್ಟಿದರು. ಎರಡು ಯೂನಿಟ್ಟುಗಳ ನಡುವೆ ಸ್ವರ ಹಂಚುವ ಕ್ರಾಸ್‌ಓವರ್ ಅನ್ನಂತೂ, ಅಷ್ಟು ಸಣ್ಣ ಪೆಟ್ಟಿಗೆಗೆ ಅತಿಯೆನಿಸುವಷ್ಟು ಮುತುವರ್ಜಿಯಿಂದ ಹೆಣೆದರು. ಹೀಗಾಗಿ ಮನಸೂರರ ಕಂಠ ಒಳಮನೆಯಲ್ಲಿದ್ದ ಮುದುಕಿಗೆ ಬಂದ ಅತಿಥಿಯ ಕಂಠವಾಗಿ ಕೇಳಿಸಿದ್ದು ಆಕಸ್ಮಿಕವಲ್ಲ.

ಇನ್ನು ಎರಡನೆಯ ಮಾತು. ಸುಮಾರು ಐದು ಲೀಟರಿನ ಮುಚ್ಚಿದ ಪೆಟ್ಟಿಗೆ, ಅದರಲ್ಲಿ ಐದಂಗುಲದ ಯೂನಿಟ್. 80 ಹರ್ಟ್ಸಿನ ಕೆಳಗೆ ಇದರ ದನಿ ಬೇಗ ಕುಗ್ಗುತ್ತದೆ. ಅದಕ್ಕೂ ಸ್ವಲ್ಪ ಮೇಲೆ ದನಿ ತುಸು ಉಬ್ಬಿದಂತಿರುವುದರಿಂದ ಮಂದ್ರ ಇದೆಯೆಂಬ ಭಾವನೆಯೇನೋ ಬರುತ್ತದೆ. ತಂಬೂರಿಯ ಖರ್ಜದ ತಂತಿಯಲ್ಲಿ ಮೇಲಿನ ಸ್ವರಾಂಶಗಳೇ ಸಮೃದ್ಧವಾಗಿರುವುದರಿಂದ ಕಿವಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಆದರೆ ಡಗ್ಗಾದ ಗುಂಗು ಹಾಗೆ ಸಾಲ ತಂದು ತೋರಿಸುವಂಥದ್ದಲ್ಲ. ಜೊತೆಗೆ, ಒಂದು ವಾಟಿಗೆ ಸುಮಾರು 83 ಡೆಸಿಬೆಲ್ ಮಾತ್ರ ಕೊಡುವ ಈ ಪೆಟ್ಟಿಗೆಗೆ ಶಕ್ತಿ ಹೆಚ್ಚು ಬೇಕು; ಹೆಚ್ಚು ಕೊಟ್ಟರೆ ತಡೆಯುವುದೂ ಇಲ್ಲ. ಗಣೇಶೋತ್ಸವದ ಹುಡುಗರಿಗೆ ಇದು ಸಲ್ಲದು.

ಈಗ ಪುನರವತಾರದ ಮಾತು. ಅಂದು ಬಿ.ಬಿ.ಸಿ.ಯ ಪರವಾನಗಿ ಪಡೆದು ರೋಜರ್ಸ್, ಸ್ಪೆಂಡರ್, ಹಾರ್ಬೆತ್ ಮುಂತಾದ ಕಂಪೆನಿಗಳು ಇದನ್ನು ತಯಾರಿಸಿದವು. ಯೂನಿಟ್ಟುಗಳನ್ನು ಮಾಡುತ್ತಿದ್ದದ್ದು ಕೆ.ಇ.ಎಫ್. ಕಂಪೆನಿ. 1990ರ ದಶಕದ ಕೊನೆಗೆ ಅವರು ಅವುಗಳ ತಯಾರಿಕೆ ನಿಲ್ಲಿಸಿದ ಮೇಲೆ ಎರಡು ದಾರಿಗಳು ಹುಟ್ಟಿಕೊಂಡವು. ಕೆ.ಇ.ಎಫ್.ನಲ್ಲಿ ಆ ಯೂನಿಟ್ಟುಗಳನ್ನು ರೂಪಿಸಿದ್ದ ಮಾಲ್ಕಂ ಜೋನ್ಸ್ ಅವರೇ ಸ್ಥಾಪಿಸಿದ ಫಾಲ್ಕನ್ ಸಂಸ್ಥೆ, ಮೂಲದ 15 ಓಮಿನ ಮಾದರಿಯನ್ನು ಯೂನಿಟ್ ಸಮೇತ ಚಾಚೂ ತಪ್ಪದಂತೆ ಮತ್ತೆ ಮಾಡತೊಡಗಿತು. ಇನ್ನೊಂದು ದಾರಿ ಸ್ಟರ್ಲಿಂಗ್, ಗ್ರಹಾಂ ಸಂಸ್ಥೆಗಳದು: ಇಂದು ಸಿಗುವ ಯೂನಿಟ್ಟುಗಳನ್ನು ಬಳಸಿ, ಹಳೆಯ ದನಿಗೆ ಹೊಂದುವಂತೆ ಕ್ರಾಸ್‌ಓವರನ್ನು ಹೊಸದಾಗಿ ಹೆಣೆಯುವುದು. ಇಂಥ ಕೆಲಸ ಮಾಡಿದ ಡೆರೆಕ್ ಹ್ಯೂಸ್, ಬಿ.ಬಿ.ಸಿ.ಯಲ್ಲಿದ್ದು ಮುಂದೆ ಸ್ಪೆಂಡರ್ ಸ್ಥಾಪಿಸಿದ ಸ್ಪೆನ್ಸರ್ ಹ್ಯೂಸರ ಮಗ.

ಶುದ್ಧ ಸಂಪ್ರದಾಯದವರಿಗೆ ಮೊದಲನೆಯದೇ ಮೆಚ್ಚು. ನನಗೆ ಇಲ್ಲೊಂದು ತಕರಾರಿದೆ. ಬಿ.ಬಿ.ಸಿ.ಯವರೇ ಈ ಪೆಟ್ಟಿಗೆಯನ್ನು ದೇವರಮನೆಯಲ್ಲಿಟ್ಟವರಲ್ಲ. ಮೊದಲ ಎಲ್.ಎಸ್. 3/5 ಬಳಕೆಗೆ ಬಂದ ಬಳಿಕ ಯೂನಿಟ್ಟುಗಳು ಬದಲಾದವು. ಆದ್ದರಿಂದಲೇ ಮರುವಿನ್ಯಾಸ ಮಾಡಿ ಹೆಸರಿಗೆ ‘ಎ’ ಸೇರಿಸಿದರು. 1980ರ ದಶಕದ ಕೊನೆಯಲ್ಲಿ ಮತ್ತೆ ಯೂನಿಟ್ಟಿನ ಗುಣ ಸರಿದಾಗ ಕ್ರಾಸ್‌ಓವರ್ ತಿದ್ದಿ 11 ಓಮಿನದನ್ನು ತಂದರು. ಅವರಿಗೆ ಬೇಕಾಗಿದ್ದದ್ದು ಕಂಠದ ನಿಜ. ಬೋರ್ಡಿನ ಮೇಲಿನ ತಂತಿಯ ಸುತ್ತುಗಳಲ್ಲ. ಹಾಗೆ ನೋಡಿದರೆ ಎರಡನೆಯ ದಾರಿಯವರೇ ಮೂಲದ ಆಶಯಕ್ಕೆ ಹೆಚ್ಚು ಹತ್ತಿರ. ಆದರೆ ಅಂದು ಪ್ರತಿ ಬದಲಾವಣೆಯನ್ನೂ ಒರೆ ಹಚ್ಚಲು, ಪೆಟ್ಟಿಗೆ ಮಾರಿ ಬದುಕಬೇಕಿಲ್ಲದ ಒಂದು ಪ್ರಯೋಗಾಲಯವಿತ್ತು. ಆ ವಿಭಾಗ ಕಿಂಗ್ಸ್‌ವುಡ್ ವಾರನ್‌ನ ತನ್ನ ಹಳೆಯ ನೆಲೆಯನ್ನೇ 2010ರಲ್ಲಿ ತೊರೆಯಿತು. ಇಂದು ತಯಾರಿಸುವವನೇ ಪರೀಕ್ಷಕ, ಕೊಳ್ಳುವವನೇ ಸಾಕ್ಷಿ. ಪುನರವತಾರದಲ್ಲಿ ನಿಜವಾಗಿ ಕಳೆದುಹೋಗಿರುವುದು ಇದು.

ನಮ್ಮಂಥವರಿಗೆ ಇದು ಬೇಕೆ? ಹತ್ತಡಿ ಹನ್ನೆರಡಡಿಯ ಕೋಣೆ, ಗೋಡೆಯಾಚೆ ನೆರೆಮನೆಯವರು, ಮೆಲುದನಿಯಲ್ಲೇ ಕೇಳಬೇಕಾದ ರಾತ್ರಿ; ವ್ಯಾನಿಗಾಗಿ ಮಾಡಿದ ಪೆಟ್ಟಿಗೆ ಮುಂಬಯಿಯ ಬ್ಲಾಕಿಗೆ ಹೇಳಿ ಮಾಡಿಸಿದಂತಿದೆ. ಖಯಾಲ್, ವಚನ, ಭಾವಗೀತೆ, ಬಾನುಲಿ ನಾಟಕ, ಅಂದರೆ ಕಂಠವೇ ಮುಖ್ಯವಾದ ಯಾವುದನ್ನೇ ಆದರೂ ಕೇಳುವವರು ಅನುಕೂಲವಿದ್ದರೆ ಕೊಳ್ಳಲಿ. ಚೆಂಡೆ ಮದ್ದಳೆ ಮೊಳಗಬೇಕೆನ್ನುವವರು ಇದರ ತಂಟೆಗೆ ಹೋಗದಿರುವುದೇ ಲೇಸು.

ಆ ದಿನ ಹೊರಡುವ ಮುಂಚೆ ಮಿತ್ರರು ಇನ್ನೊಂದನ್ನು ಕೇಳಿಸಿದರು. ತೀರಿಕೊಂಡ ತಂದೆ ಮಗಳ ನಾಮಕರಣದ ದಿನ ಮಾತನಾಡಿದ್ದ ಹಳೆಯ ಕ್ಯಾಸೆಟ್ಟು. ಪೆಟ್ಟಿಗೆ ತನ್ನ ಕಸುಬು ಮರೆಯಲಿಲ್ಲ: ಟೇಪಿನ ಸರಸರ, ಎಳೆದಾಡುವ ಶ್ರುತಿ, ಅಲ್ಲಲ್ಲಿ ಅಳಿಸಿಹೋದ ಮಾತು ಎಲ್ಲವನ್ನೂ ಬಿಚ್ಚಿಟ್ಟಿತು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಅವರ ಕೆಮ್ಮು ಸೈತ ಕೇಳ್ತದಲ್ಲೋ,” ಎಂದರು. ನಮ್ಮ ಎಷ್ಟೋ ಮನೆಗಳ ಅಟ್ಟದ ಮೇಲೆ ಇಂಥ ಕ್ಯಾಸೆಟ್ಟುಗಳು ಬೂಸಲು ಹಿಡಿಯುತ್ತಿವೆ. ಪೆಟ್ಟಿಗೆ ಬೇಕಾದರೆ ಮುಂದಿನ ವರ್ಷವೂ ಸಿಕ್ಕೀತು. ಮೊದಲು ಅವುಗಳನ್ನು ಕೆಳಗಿಳಿಸಿ ಪ್ರತಿ ಮಾಡಿಸಿಕೊಳ್ಳೋಣ.