ಹಳೆಯ ಟಾಕೀಸಿನ ಪೋಸ್ಟರು: ಒಂದು ಔಚಿತ್ಯ ವಿಚಾರ

ಗೋಡೆಗೆ ಅಂಟಿಸುವ ಸಿನಿಮಾ ಪೋಸ್ಟರನ್ನು ಸಾಹಿತ್ಯ ಸಂಚಿಕೆಯಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದು ಕೆಲವರಿಗೆ ವಿನೋದವಾಗಿ ತೋರಬಹುದು. ಗಡಿನಾಡಿನ ಉಪಾಧ್ಯಾಯರಿಗೆ ಮಾತ್ರ ಇದು ವಿನೋದದ ಮಾತಲ್ಲ. ಬೇರೆ ಭಾಷೆಯ ಶಾಲೆಗೆ ಹೋಗುವ ನಮ್ಮ ಎಷ್ಟೋ ಹುಡುಗರು ಕನ್ನಡದ ದಪ್ಪ ಅಕ್ಷರವನ್ನು ಬೀದಿಯಲ್ಲಿ ಕಂಡದ್ದು ಟಾಕೀಸಿನ ಪೋಸ್ಟರಿನಲ್ಲಿ. ಅಂಥ ಟಾಕೀಸುಗಳು ಈಗ ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿವೆ. ಉಳಿದಿರುವ ಒಂದು ಮಂದಿರದ ನೆನಪಿಗಾಗಿಯೋ, ಶಾಲಾ ಮಕ್ಕಳ ಚಿತ್ರಸ್ಪರ್ಧೆಗಾಗಿಯೋ ಪೋಸ್ಟರು ಬರೆಯುವ ಪ್ರಸಂಗ ಬಂದರೆ ಅದರಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಸಾಮಾನ್ಯವಾಗಿ ಆಗುವುದೇನೆಂದರೆ, ಪ್ರಸಿದ್ಧ ನಟನಟಿಯರ ನಾಲ್ಕಾರು ಮುಖಗಳನ್ನು ಗುಂಪು ಮಾಡಿ, ಸುತ್ತಲೂ ಫಿಲ್ಮಿನ ಸುರುಳಿ ಬಿಡಿಸಿ, ಮೂಲೆಯಲ್ಲೊಂದು ಪ್ರೊಜೆಕ್ಟರನ್ನು ಇಟ್ಟು, ಕೆಳಗೆ ಟಾಕೀಸಿನ ಹೆಸರು ಬರೆದು ಕೆಲಸ ಮುಗಿಸುತ್ತಾರೆ. ಹೆಸರನ್ನು ಅಳಿಸಿ ಇನ್ನೊಂದು ಊರಿನ ಹೆಸರು ಬರೆದರೂ ಆ ಪೋಸ್ಟರಿಗೆ ಯಾವ ಬಾಧೆಯೂ ಇಲ್ಲ. ಅದರ ದೋಷವೇ ಇದು. ಡಾಬನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟವರು ನಗೆಗೀಡಾಗುತ್ತಾರೆಂದು 11ನೆಯ ಶತಮಾನದ ಕ್ಷೇಮೇಂದ್ರನು ಔಚಿತ್ಯವನ್ನು ಕುರಿತು ಹೇಳಿದ್ದುಂಟು. ನಟನ ಮುಖವು ಅವನ ಚಿತ್ರದ ಪೋಸ್ಟರಿಗೆ ಆಭರಣ. ಮಂದಿರದ ಪೋಸ್ಟರಿಗೆ ಅದು ಸ್ಥಾನ ತಪ್ಪಿದ ಆಭರಣ.

ಮೊದಮೊದಲ ಸಿನಿಮಾ ಪೋಸ್ಟರುಗಳು ಈ ತಪ್ಪು ಮಾಡಿರಲಿಲ್ಲ. 1896ರಲ್ಲಿ ಲೂಮಿಯೇರ್ ಸಹೋದರರ ಪ್ರದರ್ಶನಕ್ಕೆ ಆನ್ರಿ ಬ್ರಿಸ್ಪೋ ಬರೆದ ಪೋಸ್ಟರಿನಲ್ಲಿ ಕಾಣುವುದು ಬಾಗಿಲಲ್ಲಿ ನೆರೆದ ಜನರ ನೂಕುನುಗ್ಗಲು. ಅದೇ ಕಾಲಕ್ಕೆ ಮಾರ್ಸೆಲಿನ್ ಓಜೋಲ್ ಬರೆದದ್ದರಲ್ಲಿ ಹಿಂದೆ ಪರದೆಯ ಮೇಲೆ ತೋಟಗಾರನ ಮುಖಕ್ಕೆ ನೀರು ಚಿಮ್ಮುತ್ತಿದೆ. ಮುಂದೆ ಕುಳಿತ ಪ್ರೇಕ್ಷಕರು ಬಿದ್ದುಬಿದ್ದು ನಗುತ್ತಿದ್ದಾರೆ. ಸಿನಿಮಾ ಎಂದರೆ ಪರದೆಯೊಂದೇ ಅಲ್ಲ, ಅದನ್ನು ನೋಡಲು ಕೂಡಿದ ಜನವೂ ಹೌದು ಎಂಬುದನ್ನು ಆ ಚಿತ್ರಕಾರರು ಅರಿತಿದ್ದರು. ಹಳೆಯ ಟಾಕೀಸಿನ ಪೋಸ್ಟರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಡ.

ನಮ್ಮ ನೆರೆಯಲ್ಲಿಯೂ ಈ ಕಲೆಗೆ ದೊಡ್ಡ ಪರಂಪರೆಯಿದೆ. ಕೊಲ್ಲಾಪುರದ ಬಾಬುರಾವ್ ಪೇಂಟರ್ ಮೊದಲು ನಾಟಕದ ಪರದೆಗಳನ್ನು ಬರೆಯುತ್ತಿದ್ದವರು. 1924ರ ಅವರ ‘ಕಲ್ಯಾಣ ಖಜಿನಾ’ ಚಿತ್ರದ ಪೋಸ್ಟರು ಭಾರತದಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ಸಿನಿಮಾ ಪೋಸ್ಟರುಗಳಲ್ಲಿ ಒಂದು. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಮಂದಿರದಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಚಿತ್ರೀಕರಣ ನಡೆದುದೂ ಅದೇ ಕೊಲ್ಲಾಪುರದಲ್ಲಿ. ಕನ್ನಡವು ಬೆಳ್ಳಿತೆರೆಯ ಮೇಲೆ ಮಾತನಾಡಲು ಕಲಿತದ್ದು ಮರಾಠಿ ನೆಲದಲ್ಲಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ಟಾಕೀಸಿನ ಪೋಸ್ಟರು ಈ ಕೂಡುಬಾಳನ್ನು ಮರೆತು ಒಂದೇ ಭಾಷೆಯಲ್ಲಿ ನಿಂತರೆ ಅದು ಇತಿಹಾಸಕ್ಕೆ ಮಾಡಿದ ಅನ್ಯಾಯ.

ಎರಡು ಲಿಪಿಗಳನ್ನು ಒಂದೇ ಹಾಳೆಯಲ್ಲಿ ಕೂಡಿಸುವುದಾದರೂ ಸುಲಭವಲ್ಲ. ದೇವನಾಗರಿಯ ಅಕ್ಷರ ಮೇಲಿನ ಗೆರೆಯಿಂದ ಜೋತುಬೀಳುತ್ತದೆ. ಸಂಯುಕ್ತಾಕ್ಷರವೂ ಬಹುಮಟ್ಟಿಗೆ ಸಾಲಿನಲ್ಲಿಯೇ ಅಡಗುತ್ತದೆ. ಕನ್ನಡದ ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬೇಕು. ‘ಲಕ್ಷ್ಮೀ’ ಎಂಬ ಒಂದು ಪದವನ್ನು ಎರಡೂ ಲಿಪಿಗಳಲ್ಲಿ ಬರೆದು ನೋಡಿದರೆ ಇದು ತಿಳಿಯುತ್ತದೆ. ಮರಾಠಿಯ ಅಳತೆಗೆ ಸಾಲು ಹಾಕಿ ಅದರಲ್ಲಿ ಕನ್ನಡವನ್ನು ತುರುಕಿದರೆ ಒತ್ತುಗಳು ಅಪ್ಪಚ್ಚಿಯಾಗುತ್ತವೆ. ಆದವಾನಿ, ರಾಯದುರ್ಗಗಳ ಕಷ್ಟ ಬೇರೆ. ಅಲ್ಲಿ ಕನ್ನಡ ತೆಲುಗು ಅಕ್ಷರಗಳು ಅಕ್ಕತಂಗಿಯರಂತೆ, ಭೇದವೆಲ್ಲ ತಲಕಟ್ಟಿನಲ್ಲಿ. ಕನ್ನಡದ ತಲಕಟ್ಟು ಅಡ್ಡವಾಗಿ ಮಲಗುತ್ತದೆ, ತೆಲುಗಿನದು ಮೇಲಕ್ಕೆ ಚಿಮ್ಮುತ್ತದೆ. ಬರೆಯುವವನು ಅಲ್ಲಿ ಎಚ್ಚರ ತಪ್ಪಿದರೆ ಕನ್ನಡವು ಕಣ್ಣೆದುರೇ ಮಾಯವಾಗುತ್ತದೆ.

ಕುಂಚದಿಂದ ಬರೆಯುವ ಪೇಂಟರು ಪದದ ಅಗಲ ನೋಡಿ ಅಕ್ಷರವನ್ನು ಹಿಗ್ಗಿಸುವನು, ಕುಗ್ಗಿಸುವನು, ಒತ್ತಿಗೆ ಎಡೆಮಾಡಿಕೊಡುವನು. ಫ್ಲೆಕ್ಸ್ ಬಂದ ಮೇಲೆ ಸಿದ್ಧ ಅಕ್ಷರವನ್ನು ಜಾಗಕ್ಕೆ ತಕ್ಕಂತೆ ಎಳೆದು ಹಿಂಜುವ ರೂಢಿ ಬೆಳೆಯಿತು. ಹಾಗೆಂದು ಕೈಬರಹದ್ದೆಲ್ಲ ನಿರ್ದುಷ್ಟವೆಂದು ಹೊಗಳಲಾರೆ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಅದಲುಬದಲು ಮಾಡಿದ ಪೋಸ್ಟರುಗಳನ್ನು ನಾವೆಲ್ಲ ಕಂಡು ನಕ್ಕವರೇ. ಕಾಗುಣಿತದ ತಪ್ಪನ್ನು ಉಪಾಧ್ಯಾಯರು ತಿದ್ದಬಹುದು. ಅಕ್ಷರದ ಮೈಕಟ್ಟೇ ಹೋದರೆ ತಿದ್ದುವುದು ಕಷ್ಟ.

ನನ್ನ ಸೂಚನೆ ಇಷ್ಟು: ವಾಡಿಕೆಯ 30 ಅಂಗುಲ ಅಗಲ, 40 ಅಂಗುಲ ಎತ್ತರದ ಹಾಳೆ, ಮೂರು ನಾಲ್ಕು ಬಣ್ಣ ಸಾಕು. ಮೇಲೆ ಮಂದಿರದ ಮುಖಭಾಗ. ನಡುವೆ ಟಿಕೇಟಿನ ಕಿಂಡಿ ಮತ್ತು ಅದರ ಮುಂದಿನ ಸಾಲು. ಕೆಳಗೆ ಬೆನ್ನು ತೋರಿಸಿ ಕುಳಿತ ಪ್ರೇಕ್ಷಕರು: ನೆಲದವರು, ಬೆಂಚಿನವರು, ಕುರ್ಚಿಯವರು. ಟಾಕೀಸಿನ ಹೆಸರು ಆ ಊರಿನ ಎರಡೂ ಲಿಪಿಗಳಲ್ಲಿ, ಸಮಾನ ಗಾತ್ರದಲ್ಲಿ. ಕನ್ನಡದ ಅಕ್ಷರವನ್ನು ಮಾತ್ರ ಕಂಪ್ಯೂಟರಿನಿಂದ ತೆಗೆಯಬೇಡಿ. ಮಂದಿರದ ಹಳೆಯ ಬೋರ್ಡಿನಿಂದಲೇ ಪಡಿಯಚ್ಚು ತೆಗೆಯಿರಿ.

ಈ ಕೊನೆಯ ಕೆಲಸಕ್ಕೆ ಸ್ಪರ್ಧೆಯ ದಿನವನ್ನು ಕಾಯುವುದು ಬೇಡ. ಮಕ್ಕಳನ್ನು ಕರೆದುಕೊಂಡು ಹೋಗಿ, ಬೋರ್ಡಿನಲ್ಲಿರುವ ಅಕ್ಷರಗಳನ್ನು ತೆಳುಗಾಗದದ ಮೇಲೆ ಮೂಡಿಸಿಕೊಂಡು ಬಂದರೆ ಅದೇ ಒಂದು ಕನ್ನಡ ಪಾಠವಾಗುತ್ತದೆ. ಬಾಗಿಲು ಮುಚ್ಚಿದ ಟಾಕೀಸಿನ ಬೋರ್ಡು ಬಹಳ ದಿನ ಗೋಡೆಯ ಮೇಲಿರುವುದಿಲ್ಲ.