ರಜೆ ಸಿಕ್ಕವಳ ಕಳವಳ

ಜುಲೈ 2, ಸೋಮವಾರ. ಪ್ಯಾರಿಸ್ಸಿನ ಕಚೇರಿಯೊಂದರಲ್ಲಿ ಸೆಕ್ರೆಟರಿಯಾಗಿರುವ ಡೆಲ್ಫಿನ್‌ಗೆ ಒಂದು ಫೋನ್ ಬರುತ್ತದೆ. ಇನ್ನೆರಡು ವಾರಕ್ಕೆ ಅವಳ ಜೊತೆ ಗ್ರೀಸ್‌ಗೆ ಹೊರಡಬೇಕಿದ್ದ ಗೆಳತಿ, ತನಗೆ ಬರಲಾಗದು ಅನ್ನುತ್ತಾಳೆ. ಅಷ್ಟೇ. ಸಾವಿಲ್ಲ, ಸಾಲವಿಲ್ಲ, ಬೆನ್ನಟ್ಟಿ ಬರುವ ಖಳನಿಲ್ಲ. ಎರಿಕ್ ರೋಮೆರ್ ಅವರ ‘ಲ ರೇಯೋಂ ವೇರ್’ (ಹಸಿರು ಕಿರಣ, 1986) ಚಿತ್ರದಲ್ಲಿ ಮುಂದಿನ ಒಂದೂವರೆ ಗಂಟೆ ನಡೆಯುವುದೆಲ್ಲ ಈ ಫೋನಿನ ಫಲ.

ಇಷ್ಟಕ್ಕೆಲ್ಲ ಅಳುವುದೇ ಎಂದು ಕೇಳುವವರಿಗೆ ಫ್ರಾನ್ಸಿನ ಬೇಸಿಗೆಯ ಗುಟ್ಟು ಗೊತ್ತಿರಬೇಕು. 1936ರಲ್ಲಿ ಪಾಪ್ಯುಲರ್ ಫ್ರಂಟ್ ಸರ್ಕಾರ ದುಡಿಯುವವರಿಗೆಲ್ಲ ಎರಡು ವಾರದ ಸಂಬಳಸಹಿತ ರಜೆಯನ್ನು ಕಾನೂನು ಮಾಡಿತು. ಬೆಳೆಯುತ್ತ ಬೆಳೆಯುತ್ತ 1982ರ ಹೊತ್ತಿಗೆ ಅದು ಐದು ವಾರಕ್ಕೆ ಬಂದು ನಿಂತಿತ್ತು. ಆಗಸ್ಟ್ ಬಂತೆಂದರೆ ಪ್ಯಾರಿಸ್ ಅರ್ಧ ಖಾಲಿ. ಬ್ರೆಡ್ಡಿನ ಅಂಗಡಿಗೂ ಬೀಗ. ಎಲ್ಲಿಗೆ ಹೋಗುತ್ತೀ, ಯಾರ ಜೊತೆ ಹೋಗುತ್ತೀ ಎನ್ನುವುದೇ ಎಲ್ಲರ ಬಾಯಲ್ಲಿರುವ ಮಾತು. ಇದಕ್ಕೆ ಉತ್ತರವಿಲ್ಲದ ಡೆಲ್ಫಿನ್‌ಳ ಪಾಡು, ನಮ್ಮಲ್ಲಿ ಇನ್ನೂ ಮದುವೆಯಾಗದ ಹುಡುಗಿ ನೆಂಟರ ಮದುವೆಮನೆಯಲ್ಲಿ ಪಡುವ ಪಾಡಿನಂಥದೇ. ಒಂದೇ ವ್ಯತ್ಯಾಸವೆಂದರೆ, ಮದುವೆಮನೆ ಎರಡು ದಿನಕ್ಕೆ ಮುಗಿಯುತ್ತದೆ.

ಆತಂಕವನ್ನು ಸಿನಿಮಾ ಮಾಡುವುದು ಕಷ್ಟದ ಕೆಲಸ. ಭಯಕ್ಕೆ ದೆವ್ವವನ್ನು ತೋರಿಸಬಹುದು, ದುಃಖಕ್ಕೆ ಚಿತೆಯನ್ನು ತೋರಿಸಬಹುದು. ಕಳವಳಕ್ಕೆ ತೋರಿಸಲು ಏನೂ ಇಲ್ಲ. ದುಡ್ಡಿರುವ ಚಿತ್ರಗಳು ಈ ಕೊರತೆಯನ್ನು ತುಂಬಲು ಹೋಗಿ ಕೆಡುತ್ತವೆ: ಬಾಲ್ಯದ ಒಂದು ಆಘಾತ, ಓಲಾಡುವ ಕ್ಯಾಮೆರಾ, ಎದೆ ಬಡಿತದಂತೆ ಗುದ್ದುವ ಹಿನ್ನೆಲೆ ಸಂಗೀತ, ಕೊನೆಗೊಬ್ಬ ಮನೋವೈದ್ಯ. ಹಾಕಿದ ದುಡ್ಡಿಗೆ ಲೆಕ್ಕ ಕೊಡಬೇಕಲ್ಲ, ಅದಕ್ಕೆ ಕಾರಣವೊಂದನ್ನು ಹುಡುಕಲೇಬೇಕು. ‘ಹಸಿರು ಕಿರಣ’ಕ್ಕೆ ಆ ಹಂಗಿರಲಿಲ್ಲ. ಅದರ ಬಡತನವೇ ಅದರ ವಿಧಾನ.

1984ರ ಬೇಸಿಗೆಯಲ್ಲಿ ಚಿತ್ರೀಕರಣ ನಡೆದಾಗ ರೋಮೆರ್‌ಗೆ 64 ವರ್ಷ. 1957ರಿಂದ 1963ರವರೆಗೆ ‘ಕಾಯೆ ದು ಸಿನೆಮಾ’ ಪತ್ರಿಕೆಯ ಸಂಪಾದಕರಾಗಿದ್ದವರು, ಗೊದಾರ್ ಮತ್ತು ತ್ರೂಫೋ ಪೀಳಿಗೆಗೆ ಹಿರಿಯಣ್ಣನಂತಿದ್ದವರು, 1969ರ ‘ಮೋದ್ ಜೊತೆಗಿನ ನನ್ನ ರಾತ್ರಿ’ಯಿಂದ ಜಗತ್ತಿಗೇ ಪರಿಚಿತರಾದವರು. ಮಾತನ್ನು ತೂಗಿ ಬರೆಯುವುದಕ್ಕೆ ಹೆಸರಾದ ಈ ನಿರ್ದೇಶಕರು, ಬರೆದ ಸಂಭಾಷಣೆಯಿಲ್ಲದೆಯೇ ಇಲ್ಲಿ ಚಿತ್ರೀಕರಣಕ್ಕಿಳಿದರು. ಕೈಯಲ್ಲಿದ್ದದ್ದು 16 ಎಂಎಂ ಕ್ಯಾಮೆರಾ ಮತ್ತು ಬೆರಳೆಣಿಕೆಯ ತಂಡ. ಕ್ಯಾಮೆರಾ ಹಿಡಿದ ಸೋಫಿ ಮ್ಯಾಂತಿನ್ಯೋ, ಧ್ವನಿ ಹಿಡಿದ ಕ್ಲಾದಿನ್ ನೂಗಾರೆ ಇಬ್ಬರೂ ಇಪ್ಪತ್ತರ ಹರೆಯದವರು. ನಿರ್ಮಾಣದ ಉಸ್ತುವಾರಿ ಫ್ರಾಂಸ್ವಾಸ್ ಎಚೆಗರಾಯ್ ಅವರದು. ಲೈಟಿಲ್ಲ, ಟ್ರಾಲಿಯಿಲ್ಲ, ಸುತ್ತ ನೆರೆಯುವ ಜನವೂ ಇಲ್ಲ. ಸಂಕಲನ ಮಾಡಿದ ಮಾರಿಯಾ ಲೂಯಿಸಾ ಗಾರ್ಸಿಯಾ, ಲಿಸಾ ಹೆರೇದಿಯಾ ಎಂಬ ಹೆಸರಿನಲ್ಲಿ ಡೆಲ್ಫಿನ್‌ಳ ಗೆಳತಿಯರಲ್ಲಿ ಒಬ್ಬಳಾಗಿ ಪರದೆಯ ಮೇಲೂ ಇದ್ದಾರೆ. ನಾಯಕಿ ಮಾರಿ ರಿವಿಯೇರ್ ಮಾತುಗಳನ್ನು ಹೆಚ್ಚಾಗಿ ತಾವೇ ಹುಟ್ಟಿಸಿಕೊಂಡರು. ಚಿತ್ರದ ಬರವಣಿಗೆಯ ಶ್ರೇಯದಲ್ಲಿ ಅವರ ಹೆಸರೂ ಇದೆ.

ಇದರ ಫಲ ಏನೆಂದು ತಿಳಿಯಲು ಗೆಳತಿಯರು ಮೇಜಿನ ಸುತ್ತ ಕೂತು ಹರಟುವ ದೃಶ್ಯವೊಂದು ಸಾಕು. ಬೆಯಾತ್ರಿಸ್ (ನಟಿ ಬೆಯಾತ್ರಿಸ್ ರೋಮಾಂ ತಮ್ಮ ಹೆಸರಿನಲ್ಲೇ ಇದ್ದಾರೆ) ಬುದ್ಧಿ ಹೇಳಲು ಶುರುಮಾಡುತ್ತಾಳೆ. ಹೊರಗೆ ಹೋಗು, ನಾಲ್ಕು ಜನರ ಜೊತೆ ಬೆರೆ, ಒಂದು ಗುಂಪಿನ ಪ್ರವಾಸಕ್ಕಾದರೂ ಸೇರಿಕೋ, ನಿನ್ನ ಪಾಡಿಗೆ ನೀನು ಮೂಲೆ ಹಿಡಿದರೆ ಯಾರು ಬಂದಾರು? ಪ್ರತಿಯೊಂದು ಮಾತೂ ಸರಿ, ಪ್ರತಿಯೊಂದು ಮಾತೂ ಚುಚ್ಚುತ್ತದೆ. ಡೆಲ್ಫಿನ್ ತನ್ನನ್ನು ಸಮರ್ಥಿಸಿಕೊಳ್ಳಲು ಹೋಗಿ ವಾಕ್ಯ ಅರ್ಧಕ್ಕೇ ಬಿಡುತ್ತಾಳೆ, ಮತ್ತೆ ಹಿಡಿಯುತ್ತಾಳೆ, ಕೊನೆಗೆ ಎದ್ದುಹೋಗಿ ಅಳುತ್ತಾಳೆ. ಬರೆದುಕೊಟ್ಟ ಸಂಭಾಷಣೆಯಲ್ಲಿ ಇಂಥ ತಡವರಿಕೆ ಸಿಗುವುದಿಲ್ಲ. ಬರೆಯುವವನಿಗೆ ವಾಕ್ಯ ಮುಗಿಸುವ ಚಪಲ. ಬುದ್ಧಿ ಹೇಳುವವಳನ್ನು ಚಿತ್ರ ಕೆಟ್ಟವಳಾಗಿಯೂ ಮಾಡುವುದಿಲ್ಲ. ಅವಳಿಗೆ ನಿಜಕ್ಕೂ ಪ್ರೀತಿಯಿದೆ. ಹಾಗಾಗಿಯೇ ಅವಳಿಂದ ತಪ್ಪಿಸಿಕೊಳ್ಳುವುದು ಇನ್ನೂ ಕಷ್ಟ.

ಕೊನೆಗೆ ಫ್ರಾಂಸ್ವಾಸ್ ಎಂಬ ಇನ್ನೊಬ್ಬ ಗೆಳತಿ ಅವಳನ್ನು ಉತ್ತರದ ಕಡಲೂರು ಶೆರ್ಬೂರ್‌ಗೆ, ತನ್ನ ಮನೆಯವರ ಬಳಿಗೆ ಕರೆದೊಯ್ಯುತ್ತಾಳೆ. ಅಲ್ಲಿನ ಊಟದ ದೃಶ್ಯ ಕನ್ನಡದ ಓದುಗರಿಗೆ ಬೇರೆಯೇ ರುಚಿ ಕೊಡಬಲ್ಲದು. ಮೇಜಿಗೆ ಹಂದಿಮಾಂಸ ಬರುತ್ತದೆ, ಡೆಲ್ಫಿನ್ ಮಾಂಸ ತಿನ್ನುವುದಿಲ್ಲ ಅನ್ನುತ್ತಾಳೆ. ನಮ್ಮಲ್ಲಾದರೆ ಮಾತು ಅಲ್ಲಿಗೆ ಮುಗಿದು ಸಾರು ಬಡಿಸುತ್ತಿದ್ದರು. ಅಲ್ಲಿ ವಿಚಾರಣೆ ಶುರುವಾಗುತ್ತದೆ. ಯಾಕೆ? ಮೊಟ್ಟೆ? ಮೀನು? ಗಿಡಕ್ಕೂ ಜೀವವಿಲ್ಲವೇ? ಯಾರ ದನಿಯಲ್ಲೂ ವಿಷವಿಲ್ಲ, ಕುತೂಹಲ ಅಷ್ಟೇ. ಡೆಲ್ಫಿನ್ ಪಾಪ, ಸೊಪ್ಪಿನ ಹಗುರತನದ ಬಗ್ಗೆ, ರಕ್ತದ ಬಗ್ಗೆ ಏನೇನೋ ಹೇಳಲು ನೋಡುತ್ತಾಳೆ. ಬಾಯಿಗೆ ಬಂದ ಕಾರಣಗಳು ಅವಳಿಗೇ ಸಾಲದೆನಿಸುವುದು ಮುಖದಲ್ಲಿ ಕಾಣುತ್ತದೆ. ಮುಂದೆ ಉಯ್ಯಾಲೆ ಬೇಡ, ತಲೆಸುತ್ತು. ದೋಣಿ ಬೇಡ, ವಾಂತಿ. ಒಂದೊಂದು ‘ಬೇಡ’ಕ್ಕೂ ಆತಿಥೇಯರ ನಗು ಒಂದಿಷ್ಟು ಸಣ್ಣದಾಗುತ್ತದೆ.

ಆಮೇಲೆ ಅವಳೊಬ್ಬಳೇ ಹೊಲದ ನಡುವಿನ ಓಣಿಯಲ್ಲಿ ನಡೆಯುತ್ತಾಳೆ. ಗಾಳಿ ಜೋರಾಗಿದೆ. ಬೇಲಿಯ ಗಿಡಗಳು ಬಾಗುತ್ತವೆ, ಎಲೆಗಳು ಮಗುಚಿಕೊಳ್ಳುತ್ತವೆ, ಧ್ವನಿಪಟ್ಟಿಯಲ್ಲಿ ಆ ಸದ್ದು ಬಿಟ್ಟು ಬೇರೇನೂ ಇಲ್ಲ. ಓಣಿಯ ಕೊನೆಯ ಬೇಲಿಗೆ ಬಂದು ನಿಂತವಳಿಗೆ ಅಳು ಬರುತ್ತದೆ. ಆ ಹೊತ್ತಿನಲ್ಲಿ ಅವಳಿಗೆ ಯಾರೂ ಏನೂ ಅಂದಿಲ್ಲ, ಯಾವ ಸುದ್ದಿಯೂ ಬಂದಿಲ್ಲ. ಹೊಸದಾಗಿ ಕೆಲಸ ಕಲಿತ ಹುಡುಗಿಯೊಬ್ಬಳ ಕ್ಯಾಮೆರಾ ಕಾಯುತ್ತ ನಿಂತಿದ್ದರಿಂದ ದಕ್ಕಿದ ಚಿತ್ರಿಕೆಗಳಿವು. ಆತಂಕದ ಬಗ್ಗೆ ಬಂದಿರುವ ಎಷ್ಟೋ ಚಿತ್ರಗಳ ಒಟ್ಟು ಸಂಭಾಷಣೆಗಿಂತ ಈ ಎರಡು ನಿಮಿಷ ಹೆಚ್ಚು ಹೇಳುತ್ತದೆ.

ಶೆರ್ಬೂರಿನಿಂದ ಪ್ಯಾರಿಸ್‌ಗೆ ವಾಪಸ್. ಆಲ್ಪ್ಸ್ ಪರ್ವತದ ಲಾ ಪ್ಲಾನ್ಯ್‌ಗೆ ಹೋಗಿ ಅದೇ ದಿನ ವಾಪಸ್. ಹೋದದ್ದೇಕೆ, ಬಂದದ್ದೇಕೆ ಎಂದು ಅವಳಿಗೂ ಹೇಳಲಾಗದು. ನಡುನಡುವೆ ಕೈಬರಹದಲ್ಲಿ ತಾರೀಖುಗಳು ಪರದೆಯ ಮೇಲೆ ಬರುತ್ತವೆ. ರಜೆ ಕರಗುತ್ತಿದೆ ಎಂಬ ಲೆಕ್ಕ ನೋಡುವವರ ಎದೆಯಲ್ಲೂ ಶುರುವಾಗುತ್ತದೆ. ಬೀದಿಯಲ್ಲಿ ಬಿದ್ದ ಇಸ್ಪೀಟು ಎಲೆಯೊಂದು ಅವಳಿಗೆ ಸಿಗುತ್ತದೆ, ಆಗ ಪಿಟೀಲಿನ ಕೆಲವೇ ಸ್ವರ. ಹಿನ್ನೆಲೆ ಸಂಗೀತವೆಂದರೆ ಮಾರು ದೂರ ಸರಿಯುವ ರೋಮೆರ್ ಇಲ್ಲಿ ಅಷ್ಟನ್ನು ಒಪ್ಪಿಕೊಂಡಿದ್ದಾರೆ. ಹಸಿರು ಬಣ್ಣ ಈ ವರ್ಷ ತನ್ನದು ಎಂದು ಡೆಲ್ಫಿನ್ ನಂಬಿದ್ದಾಳೆ. ಶಕುನ ನೋಡುವುದು ಕಳವಳದ ಹಳೆಯ ಚಟ.

ಬೇರೆಯವರ ಫ್ಲ್ಯಾಟಿನ ಬೀಗದಕೈ ಸಿಕ್ಕಿ ಕೊನೆಗೆ ಅವಳು ನೈಋತ್ಯದ ಬಿಯಾರಿಟ್ಸ್ ಕಡಲತೀರಕ್ಕೆ ಬರುತ್ತಾಳೆ. ಅಲ್ಲಿ ಲೆನಾ ಎಂಬ ಸ್ವೀಡನ್ನಿನ ಹುಡುಗಿ ಪರಿಚಯವಾಗುತ್ತಾಳೆ. ಸಂಕೋಚವೆಂಬುದು ಅವಳ ಜಾತಕದಲ್ಲೇ ಇಲ್ಲ. ಆಕೆ ಕೆಫೆಯಲ್ಲಿ ಇಬ್ಬರು ಯುವಕರನ್ನು ಹರಟೆಗೆಳೆದಾಗ ಡೆಲ್ಫಿನ್ ಇದ್ದಕ್ಕಿದ್ದಂತೆ ಎದ್ದು ಓಡಿಬಿಡುತ್ತಾಳೆ. ಸಂತೋಷವಾಗಿರುವುದು ಹೇಗೆಂದು ಎದುರಿಗೇ ಮಾಡಿ ತೋರಿಸಿದರೆ ಇವಳಿಗೆ ಉಸಿರು ಕಟ್ಟುತ್ತದೆ.

ಅದೇ ಊರಿನಲ್ಲಿ ಕೆಲವು ವಯಸ್ಸಾದವರು ಕೂತು ಜೂಲ್ಸ್ ವರ್ನ್‌ನ 1882ರ ‘ಹಸಿರು ಕಿರಣ’ ಕಾದಂಬರಿಯ ಬಗ್ಗೆ ಮಾತಾಡುವುದು ಅವಳ ಕಿವಿಗೆ ಬೀಳುತ್ತದೆ. ಸೂರ್ಯ ಕಡಲಂಚಿನಲ್ಲಿ ಮುಳುಗುವ ಕೊನೆಯ ಕ್ಷಣದಲ್ಲಿ ಕಾಣುವ ಹಸಿರು ಬೆಳಕನ್ನು ನೋಡಿದವರಿಗೆ ತಮ್ಮ ಮನಸ್ಸೂ ಎದುರಿನವರ ಮನಸ್ಸೂ ತಿಳಿಯುತ್ತದಂತೆ. ಗುಂಪಿನ ಹಿರಿಯರೊಬ್ಬರು ಅದರ ಭೌತವಿಜ್ಞಾನವನ್ನೂ ಬಿಡಿಸಿ ಹೇಳುತ್ತಾರೆ. ದಿಗಂತದ ಬಳಿ ದಟ್ಟವಾಗಿರುವ ವಾತಾವರಣ ಪಟ್ಟಕದಂತೆ ಬೆಳಕನ್ನು ಬಾಗಿಸುತ್ತದೆ. ಕೆಂಪಿಗಿಂತ ಹಸಿರು ಹೆಚ್ಚು ಬಾಗುವುದರಿಂದ ಕೆಂಪು ಮುಳುಗಿದ ಮೇಲೂ ಅದು ಉಳಿಯುತ್ತದೆ. ನೀಲಿ ಮೊದಲೇ ಚದುರಿಹೋಗಿರುತ್ತದೆ. ಮೋಡವಿಲ್ಲದ ತಿಳಿಗಾಳಿಯ ಸಂಜೆ ಬೇಕು; ಸಿಕ್ಕರೂ ಒಂದೆರಡು ಸೆಕೆಂಡಿನ ಆಟ. ಸೂರ್ಯಾಸ್ತ ನೋಡಲೆಂದೇ ಆಗುಂಬೆಗೆ ಹತ್ತಿ ಮೋಡ ನೋಡಿಕೊಂಡು ಇಳಿದವರಿಗೆ ಇದರ ಬೆಲೆ ಬೇಗ ಅರ್ಥವಾದೀತು.

ಇಡೀ ಚಿತ್ರವನ್ನು ಹೀಗೆ ಕೈಗೆ ಸಿಕ್ಕಿದ ಬೆಳಕಿನಲ್ಲಿ ಮುಗಿಸಿದವರನ್ನು ಸತಾಯಿಸಿದ್ದು ಈ ಒಂದೆರಡು ಸೆಕೆಂಡು. ಕಥೆ ನಡೆಯುವ ತೀರದಲ್ಲಿ ದಕ್ಕದ ಆ ಬೆಳಕನ್ನು ಆಮೇಲೆ ಬೇರೊಬ್ಬ ಛಾಯಾಗ್ರಾಹಕ ಫಿಲಿಪ್ ದೆಮಾರ್ ದೂರದ ಕೆನರಿ ದ್ವೀಪಗಳಲ್ಲಿ ಸೆರೆಹಿಡಿದರು. ಅದು ಎಷ್ಟು ನೈಜ, ಎಷ್ಟು ಲ್ಯಾಬಿನ ಕೈಚಳಕ ಎಂಬ ಗುಸುಗುಸು ಇಂದಿಗೂ ನಿಂತಿಲ್ಲ. ಬ್ರಿಟಿಷ್ ಕಲಾವಿದೆ ಟಸಿಟಾ ಡೀನ್ 2001ರಲ್ಲಿ ಮಡಗಾಸ್ಕರ್‌ನ ಪಶ್ಚಿಮ ತೀರಕ್ಕೆ ಹೋಗಿ, ತಮ್ಮ 16 ಎಂಎಂ ರೀಲಿನಲ್ಲಿ ಅದನ್ನು ಹಿಡಿದು, ಅದೇ ಹೆಸರಿನ ಪುಟ್ಟ ಚಿತ್ರ ಮಾಡಿದರು.

ಬಿಡುಗಡೆಯ ರೀತಿಯೂ ವಿಚಿತ್ರವೇ. 1984ರಲ್ಲಿ ಶುರುವಾಗಿದ್ದ ಕನಾಲ್ ಪ್ಲೂಸ್ ಎಂಬ ಚಂದಾ ಟಿವಿ ವಾಹಿನಿ 1986ರ ಆಗಸ್ಟ್ 31ರಂದು ಚಿತ್ರವನ್ನು ಪ್ರಸಾರ ಮಾಡಿತು. ಥಿಯೇಟರಿಗೆ ಬಂದದ್ದು ಅದರ ಮೂರು ದಿನದ ನಂತರ. ಓಟಿಟಿ ಮೊದಲೋ ಥಿಯೇಟರ್ ಮೊದಲೋ ಎಂಬ ಜಗಳ ಈಗಿನದೆಂದು ತಿಳಿದವರು ಗಮನಿಸಬೇಕು. ಟಿವಿಯಲ್ಲಿ ಬಂದ ಚಿತ್ರಕ್ಕೆ ಟಿಕೆಟ್ ಯಾರು ಕೊಳ್ಳುತ್ತಾರೆ ಎಂದು ಆಡಿಕೊಳ್ಳುತ್ತಿರುವಾಗಲೇ ವೆನಿಸ್ ಚಿತ್ರೋತ್ಸವದ ಚಿನ್ನದ ಸಿಂಹ ಅದರ ಪಾಲಾಯಿತು.

ಮುಕ್ತಾಯದ ಬಗ್ಗೆ ತಕರಾರುಂಟು. ಪ್ಯಾರಿಸ್‌ಗೆ ಹೊರಟ ಡೆಲ್ಫಿನ್ ಬಿಯಾರಿಟ್ಸ್ ನಿಲ್ದಾಣದಲ್ಲಿ ದಸ್ತಯೆವ್‌ಸ್ಕಿಯ ‘ದಿ ಈಡಿಯಟ್’ ಹಿಡಿದು ಕೂತಾಗ ಜಾಕ್ ಎಂಬ ಯುವಕ ಮಾತಾಡಿಸುತ್ತಾನೆ. ಊರೂರು ಸುತ್ತಿ ಓಡಿದವಳು ಈಗ ತಾನಾಗಿಯೇ ಅವನ ಜೊತೆ ಪಕ್ಕದ ಸ್ಯಾಂ-ಜಾನ್-ದ-ಲೂಜ್‌ಗೆ ಹೋಗುತ್ತಾಳೆ. ಇಬ್ಬರೂ ಕಡಲ ಮೇಲಿನ ದಿಬ್ಬದಲ್ಲಿ ಕೂತು ಸೂರ್ಯ ಮುಳುಗುವುದನ್ನು ಕಾಯುತ್ತಾರೆ. ಕಳವಳಕ್ಕೆ ಒಬ್ಬ ಗಂಡಸೇ ಮದ್ದೇ ಎಂದು ಕೇಳುವುದು ನ್ಯಾಯ. ಆದರೆ ವರ್ನ್‌ನ ಕಾದಂಬರಿಯಲ್ಲಿ ಪ್ರೇಮಿಗಳು ಒಬ್ಬರನ್ನೊಬ್ಬರು ನೋಡುತ್ತ ಕಿರಣವನ್ನೇ ತಪ್ಪಿಸಿಕೊಳ್ಳುತ್ತಾರೆ. ರೋಮೆರ್ ಅದನ್ನು ತಿರುಗಿಸಿದ್ದಾರೆ: ಡೆಲ್ಫಿನ್ ನೋಡುವುದು ಅವನನ್ನಲ್ಲ, ದಿಗಂತವನ್ನು. ಸೆಪ್ಟೆಂಬರಿಗೆ ಅವನಿರುತ್ತಾನೋ ಇಲ್ಲವೋ ಚಿತ್ರ ಹೇಳುವುದಿಲ್ಲ, ಕೇಳುವುದೂ ಇಲ್ಲ.

ನೋಡಹೊರಟವರಿಗೆ ಎರಡು ಮಾತು. ಮೊದಲ ಇಪ್ಪತ್ತು ನಿಮಿಷ ಈ ಹುಡುಗಿಯ ಮೇಲೆ ಸಿಟ್ಟು ಬರುತ್ತದೆ, ಬುದ್ಧಿ ಹೇಳಬೇಕೆನಿಸುತ್ತದೆ. ಶೆರ್ಬೂರ್ ಬರುವ ತನಕ ತಡೆದುಕೊಳ್ಳಬೇಕು. ಇನ್ನೊಂದು, ಮೊಬೈಲಿನಲ್ಲಿ ನೋಡುವುದು ಬೇಡ. 16 ಎಂಎಂ ಫಿಲ್ಮಿನ ಕಾಳುಕಾಳು ಬಿಂಬದಲ್ಲಿ ಆ ಹಸಿರು ಚುಕ್ಕೆ ಎಷ್ಟು ಸಣ್ಣದೆಂದರೆ, ಅಂಗೈಯಗಲದ ಪರದೆಯಲ್ಲಿ ಅದು ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ.