ರಂಗಭೂಮಿಯ ಡಾಕ್ಟರೇಟ್: ಅಳತೆಗೋಲು ಯಾರದು?

ನಾಟಕ, ನೃತ್ಯಗಳಲ್ಲಿ ಪಿಎಚ್.ಡಿ. ಪಡೆಯಲು ಏನೇನು ಬೇಕು? ವಿಶ್ವವಿದ್ಯಾಲಯ ಧನಸಹಾಯ ಆಯೋಗ 2022ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಇದಕ್ಕೆ ಉತ್ತರವಿದೆ. ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯವಾಗಿ ಶೇ. 55 ಅಂಕ, ಪ್ರವೇಶ ಪರೀಕ್ಷೆ ಅಥವಾ ನೆಟ್, ಸಂದರ್ಶನ, ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್ ವರ್ಕ್, ಕನಿಷ್ಠ ಮೂರು ವರ್ಷಗಳ ಅಧ್ಯಯನ, ಕೊನೆಗೆ ಮಹಾಪ್ರಬಂಧ ಮತ್ತು ಮೌಖಿಕ ಪರೀಕ್ಷೆ. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ 2016ರ ಕಟ್ಟಳೆಯನ್ನು ಕೈಬಿಡಲಾಗಿದೆ. ಕಾಸು ಕೊಟ್ಟು ಅಚ್ಚು ಹಾಕಿಸುವ ದಂಧೆಗೆ ಇದರಿಂದ ಸ್ವಲ್ಪವಾದರೂ ಕಡಿವಾಣ ಬಿದ್ದರೆ ಸಂತೋಷವೇ.

ನಮ್ಮ ತಕರಾರಿರುವುದು ಬೇರೆ ಕಡೆ. ರಸಾಯನಶಾಸ್ತ್ರಕ್ಕೂ ಭರತನಾಟ್ಯಕ್ಕೂ ಈ ನಿಯಮ ಒಂದೇ ಅಚ್ಚನ್ನು ಬಳಸುತ್ತದೆ. ಮಾರ್ಗದರ್ಶಕರಾಗುವವರಿಗೆ ಪಿಎಚ್.ಡಿ. ಇರಬೇಕು, ಜೊತೆಗೆ ಪ್ರಾಧ್ಯಾಪಕರಾದರೆ ಐದು, ಸಹಾಯಕ ಪ್ರಾಧ್ಯಾಪಕರಾದರೆ ಮೂರು ಸಂಶೋಧನಾ ಲೇಖನಗಳು ಪ್ರಕಟವಾಗಿರಬೇಕು. ಹೊರಗಿನ ಪರೀಕ್ಷಕರೂ ವಿದ್ವತ್ ಪ್ರಕಟಣೆಗಳಿರುವ ಅಧ್ಯಾಪಕರೇ ಆಗಿರಬೇಕು. ಅಂದರೆ, ಐವತ್ತು ವರ್ಷ ಯಕ್ಷಗಾನದ ರಂಗಸ್ಥಳದಲ್ಲಿ ಹೆಜ್ಜೆ ಹಾಕಿದವರು ಯಕ್ಷಗಾನದ ಮೇಲಿನ ಪ್ರಬಂಧಕ್ಕೆ ಪರೀಕ್ಷಕರಾಗುವಂತಿಲ್ಲ. ಅವರು ಆ ಪ್ರಬಂಧದ 'ಮಾಹಿತಿದಾರ'ರಾಗಬಹುದು, ಅಷ್ಟೇ.

ಮೈಸೂರಿನಲ್ಲಿರುವ ರಾಜ್ಯದ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಗಂಗೂಬಾಯಿ ಹಾನಗಲ್ ಅವರ ಹೆಸರಿಡಲಾಗಿದೆ. ಪ್ರಾಥಮಿಕ ಶಾಲೆಯಾಚೆಗೆ ಓದದೆ ಆ ಎತ್ತರಕ್ಕೆ ಏರಿದವರು ಅವರು. ಇಂದಿನ ನಿಯಮದ ಪ್ರಕಾರ, ಅವರ ಹೆಸರಿನ ವಿಶ್ವವಿದ್ಯಾಲಯದಲ್ಲೇ ಅವರಂಥವರು ಪಿಎಚ್.ಡಿ. ಪರೀಕ್ಷಕರ ಕುರ್ಚಿಯಲ್ಲಿ ಕೂರಲಾಗದು. ಕಲಾವಿದರಿಗೆ ಗೌರವ ಡಾಕ್ಟರೇಟ್, ಅವರ ಬಗ್ಗೆ ಬರೆದವರಿಗೆ ಗಳಿಸಿದ ಡಾಕ್ಟರೇಟ್ ಎಂಬ ಹಂಚಿಕೆ ನಮಗೆ ಅಭ್ಯಾಸವಾಗಿಬಿಟ್ಟಿದೆ.

ಮುಸ್ಲಿಮರ ಮಟ್ಟಿಗೂ ಇದು ದೂರದ ಮಾತಲ್ಲ. ಕಂಪೆನಿ ನಾಟಕಗಳ ಕಾಲದಲ್ಲಿ ಮಹಮದ್ ಪೀರ್ ಅವರಂಥ ನಟರು ಕನ್ನಡ ರಂಗಭೂಮಿಯನ್ನು ಬೆಳಗಿದರು. ಮೊಹರಂ ಸಂದರ್ಭದಲ್ಲಿ ಉತ್ತರ ಕರ್ನಾಟಕದ ಹೆಜ್ಜೆ ಮೇಳಗಳು ರಿವಾಯತ್ ಪದ ಹಾಡಿ ಕುಣಿಯುತ್ತವೆ. ಶಿಶುನಾಳ ಶರೀಫರೂ ಅಂಥ ಪದ ಕಟ್ಟಿದವರು. ಈ ಆಚರಣೆಯ ಧಾರ್ಮಿಕ ಸಾಧುತ್ವದ ಬಗ್ಗೆ ನಮ್ಮೊಳಗೆ ಭಿನ್ನಾಭಿಪ್ರಾಯಗಳಿವೆ. ಅದು ಬೇರೆ ಚರ್ಚೆ. ಆದರೆ ಕರ್ಬಲಾದ ದುಃಖವನ್ನು ಅಚ್ಚ ಕನ್ನಡದಲ್ಲಿ ಹಾಡುವ, ಹಿಂದೂ ಮುಸ್ಲಿಮರಿಬ್ಬರೂ ಕೂಡಿ ಕುಣಿಯುವ ಕಲೆಯೊಂದು ನಮ್ಮಲ್ಲಿದೆ ಎಂಬುದು ನಿಜ. ಆ ಮೇಳದ ಮನೆಯ ಹುಡುಗನೋ ಹುಡುಗಿಯೋ ಅದರ ಮೇಲೆ ಸಂಶೋಧನೆ ಮಾಡಬೇಕೆಂದರೆ ಮೂರರಿಂದ ಆರು ವರ್ಷ ಹೊಟ್ಟೆಪಾಡಿಗೆ ದಾರಿ ಬೇಕು. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿತು. ಇಂಥದೇ ಬೇರೆ ಯೋಜನೆಗಳಿವೆ ಎಂಬುದು ಅದು ಕೊಟ್ಟ ಕಾರಣ. ಹೀಗಾದರೆ ಕಲೆ ಒಬ್ಬರದು, ಅದರ ಮೇಲಿನ ಅಧಿಕಾರದ ಮಾತು ಇನ್ನೊಬ್ಬರದು ಎಂಬ ಸ್ಥಿತಿಯೇ ಮುಂದುವರಿಯುತ್ತದೆ.

ಹಾಗೆಂದು ಕುಣಿದದ್ದೆಲ್ಲ ಸಂಶೋಧನೆಯೆಂದು ನಾವು ವಾದಿಸುತ್ತಿಲ್ಲ. ಸಂಶೋಧನೆಗೆ ಒಂದು ಪ್ರಶ್ನೆ ಬೇಕು, ವಿಧಾನ ಬೇಕು, ಇತರರು ಪರಿಶೀಲಿಸಬಹುದಾದ ದಾಖಲೆ ಬೇಕು. ಬರವಣಿಗೆಯ ಶಿಸ್ತನ್ನು ಸಡಿಲಿಸಿದರೆ ನಷ್ಟ ನಮ್ಮ ಮಕ್ಕಳಿಗೇ. ಆದರೆ ಆ ಪ್ರಶ್ನೆಗೆ ಉತ್ತರವನ್ನು ರಂಗದ ಮೇಲೆಯೂ ಹುಡುಕಬಹುದು. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಪ್ರಯೋಗ ಮತ್ತು ಅದರ ವಿಶ್ಲೇಷಣೆ ಎರಡನ್ನೂ ಒಟ್ಟಿಗೆ ಪಿಎಚ್.ಡಿ.ಗೆ ಸಲ್ಲಿಸುವ ಪದ್ಧತಿ ಇದೆ. ಇದನ್ನೇ ಅಧ್ಯಯನ ಮಾಡಿದ ಯೋಜನೆಯೊಂದು ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ 2001ರಿಂದ 2006ರವರೆಗೆ ನಡೆದಿತ್ತು.

ನಮ್ಮಲ್ಲೂ ಆಗಬೇಕಾದದ್ದು ಹೆಚ್ಚೇನಲ್ಲ. ಪ್ರದರ್ಶನ ಮತ್ತು ಅದರ ಧ್ವನಿಚಿತ್ರ ದಾಖಲೆಯನ್ನು ಪ್ರಬಂಧದ ಅಂಗವೆಂದು ಒಪ್ಪಬೇಕು. ಮೌಲ್ಯಮಾಪನ ಮಂಡಳಿಯಲ್ಲಿ ಪದವಿಯ ಹಂಗಿಲ್ಲದೆ ಒಬ್ಬ ಹಿರಿಯ ಕಲಾವಿದರಿರಬೇಕು. ಮಾಹಿತಿ ಕೊಟ್ಟ ಮೇಳದವರ ಹೆಸರು ಕೃತಜ್ಞತೆಯ ಪುಟದಲ್ಲಷ್ಟೇ ಉಳಿಯದೆ ಅಧ್ಯಾಯಗಳೊಳಗೂ ಬರಬೇಕು, ಸಿದ್ಧವಾದ ಪ್ರಬಂಧದ ಒಂದು ಪ್ರತಿ ಅವರ ಊರಿಗೂ ಹೋಗಬೇಕು. ಅದನ್ನು ಓದಿ, ಓದಿಸಿ ಕೇಳಿ, 'ಇದು ನಮ್ಮ ಕಲೆಯಲ್ಲ' ಎಂದು ಹೇಳುವ ಹಕ್ಕು ಅವರಿಗಿರಬೇಕಲ್ಲವೇ?